ಎರಿ ಮಣ್ಣಿನ ಪಾಠ

ಆ ಜೂನ್ ತಿಂಗಳಲ್ಲಿ ನಮ್ಮ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಬಕೀಟುಗಳು ಸಾಲಾಗಿ ನಿಂತಿದ್ದವು. ಒಂದೊಂದರಲ್ಲಿಯೂ ಒಂದೊಂದು ಮಣ್ಣಿನ ಎತ್ತು ಮುಳುಗಿತ್ತು. ಮನೆಯಲ್ಲಿದ್ದ ಬಕೀಟುಗಳೆಲ್ಲ ಎತ್ತುಗಳ ಪಾಲಾಗಿ, ಬಟ್ಟೆ ನೆನೆಸಲು ನನಗೆ ಉಳಿದದ್ದು ಒಂದು ಹಳೆಯ ಬೋಗುಣಿ. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ಬೆಳಿಗ್ಗೆ ಎದ್ದವರು ಮುಖ ತೊಳೆಯುವ ಮೊದಲೇ ಬಕೀಟುಗಳಲ್ಲಿ ಇಣುಕುತ್ತಿದ್ದರು. ನಾನು ಪೂಜೆಗೆ ಕೂತಿರುವಾಗಲೇ ಹಿತ್ತಲಿನಿಂದ ಕೂಗು ಬರುತ್ತಿತ್ತು: “ಏ, ಲಗೂ ಬಾ ಇಲ್ಲೆ, ಮಸಾರಿ ಎತ್ತಿನ ಕೊಂಬು ಕರಗಾಕತ್ತಾವು ನೋಡು!”

ಇಷ್ಟಲಿಂಗ ಅಂಗೈಯಲ್ಲಿದ್ದಾಗ ನಾನು ಓಗೊಡುವುದಿಲ್ಲ. ಶಿವನಿಗೆ ಕೇಳಿಸಿರಬೇಕು, ಅವನು ಕ್ಷಮಿಸಿರಬೇಕು.

ನಮ್ಮ ಕಡೆ ಮುಂಗಾರು ಶುರುವಾಗುವ ಹೊತ್ತಿಗೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಮಣ್ಣಿನಲ್ಲಿ ಜೋಡೆತ್ತು ಮಾಡಿ, ಅವುಗಳ ಮುಂದೆ ಮಣ್ಣಿನದೇ ಮೇವಿನ ಗೋದಲಿ ಇಟ್ಟು, ಕಡಬು ಎಡೆ ಹಿಡಿದು ಪೂಜೆ ಮಾಡುತ್ತೇವೆ. ಆಮೇಲೆ ಅವನ್ನು ಹೊಲಕ್ಕೋ ನೀರಿಗೋ ಬಿಡುತ್ತೇವೆ, ಬಂದ ಮಣ್ಣು ಮಣ್ಣಿಗೆ ಹೋಗುತ್ತದೆ. ನಾನು ಹುಟ್ಟಿದ್ದು ನವಲಗುಂದದ ಕಡೆ. ಅಲ್ಲಿ ಕಾಲಿಟ್ಟಲ್ಲೆಲ್ಲ ಎರಿ, ಅಂದರೆ ಕಪ್ಪು ಮಣ್ಣು. ಅಂಗಳ ದಾಟಿದರೆ ಎತ್ತಿಗೆ ಬೇಕಾದಷ್ಟು ಮಣ್ಣು ಸಿಗುತ್ತಿತ್ತು. ಮದುವೆಯಾಗಿ ಹುಬ್ಬಳ್ಳಿಯ ವಿದ್ಯಾನಗರಕ್ಕೆ ಬಂದ ಮೇಲೆ ಎತ್ತುಗಳನ್ನು ಕೊಂಡು ತರುವುದು ರೂಢಿಯಾಯಿತು.

ಆ ಬಕೀಟುಗಳು ಸಾಲಾಗಿ ನಿಂತದ್ದು ಹಬ್ಬಕ್ಕಲ್ಲ, ಒಂದು ಪುಸ್ತಕಕ್ಕೆ. ಪರಿಸರ ಶಿಕ್ಷಣ ಕಲಿಸುವ ಶಿಕ್ಷಕರಿಗಾಗಿ ಹೊಸ ಕೈಪಿಡಿಯೊಂದು ಬರುವುದಿತ್ತು. ಅದನ್ನು ಬರೆಯುವ ಸಮಿತಿಗೆ ಬೇರೆ ಬೇರೆ ಜಿಲ್ಲೆಗಳ ಮಾಸ್ತರುಗಳನ್ನು ಕರೆದಿದ್ದರು. ಅವರಲ್ಲಿ ನಮ್ಮವರೂ ಒಬ್ಬರು. ಆದೇಶ ಕೈಗೆ ಬಂದ ದಿನ ಊಟಕ್ಕೆ ಕೂತವರು ರೊಟ್ಟಿ ಮುರಿಯುವುದನ್ನೇ ಮರೆತು ನನಗೆ ವಿವರಿಸಿದ್ದರು.

“ಜಗತ್ತಿನ ದೇಶದವ್ರೆಲ್ಲಾ ಒಂದ್ ಕಡೆ ಕೂತು ಎರಡ್ ಸಾವಿರದ ಮೂವತ್ತರೊಳಗ ಏನೇನ್ ಆಗಬೇಕು ಅಂತ ಹದಿನೇಳು ಗುರಿ ಇಟಗೊಂಡಾರ. ಯಾರೂ ಹಸದು ಮಲಗಬಾರದು, ಕುಡಿಯೂ ನೀರು ಸ್ವಚ್ಛ ಇರಬೇಕು, ಹೆಣಮಕ್ಕಳು ಕಲೀಬೇಕು, ಭೂಮಿ ಕೆಡಬಾರದು, ಹಿಂಗ.”

“ಇದು ಛಲೋನ ಐತಲ್ರಿ.”

“ಛಲೋನ ಐತಿ. ಅದಕ್ಕ ತಕ್ಕಂಗ ದಿಲ್ಲಿಯೊಳಗ ನೀತಿ ಮಾಡ್ಯಾರ. ನೀತಿಗೆ ತಕ್ಕಂಗ ಬೆಂಗಳೂರಾಗ ಪುಸ್ತಕ. ಪುಸ್ತಕಕ್ಕ ತಕ್ಕಂಗ ನಾವು.”

“ನಿಮಗ ತಕ್ಕಂಗ ನಾನು. ಮೊದಲ ರೊಟ್ಟಿ ತಿನ್ರಿ, ಆರಾಕತ್ತಾವು.”

ಅವರು ನಕ್ಕರು. ಆ ದಿನಗಳಲ್ಲಿ ನಗುತ್ತಿದ್ದರು. ಮೂವತ್ತು ವರ್ಷ ಇನ್ನೊಬ್ಬರು ಬರೆದ ಪುಸ್ತಕ ಹಿಡಿದು ಪಾಠ ಮಾಡಿದವರು. ನಿವೃತ್ತಿಗೆ ಎರಡು ವರ್ಷವೂ ಉಳಿದಿರಲಿಲ್ಲ. “ಒಂದ್ ಪಾಠಾದ್ರೂ ನಂದು ಅದರಾಗ ಇರಲಿ. ನಾ ಸಾಲಿ ಬಿಟ್ಟ ಮ್ಯಾಲೂ ಯಾರರ ಒಬ್ರು ಅದನ್ನ ಕಲಸ್ತಾರ” ಎಂದರು. ಅವರು ಬೇರೇನನ್ನೂ ಕೇಳಿದವರಲ್ಲ. ಬಡ್ತಿಗಾಗಿ ಓಡಾಡಲಿಲ್ಲ, ಪ್ರಶಸ್ತಿಗೆ ಅರ್ಜಿ ಹಾಕಲಿಲ್ಲ. ಮದುವೆಯಾದಾಗಿನಿಂದ ಅವರ ಬಾಯಲ್ಲಿ ‘ನಂದು’ ಎಂಬ ಮಾತು ಕೇಳಿದ್ದು ನನಗೆ ಅದೇ ಮೊದಲು.

ಅವರು ಬರೆದ ಪಾಠ ಸಾದಾ ಇತ್ತು. ಮಕ್ಕಳು ತಮ್ಮ ತಮ್ಮ ಮನೆಯ ಸುತ್ತಲಿನ ಮಣ್ಣು ತರಬೇಕು. ಎರಿ, ಮಸಾರಿ ಅಂದರೆ ಕೆಂಪು ಮಣ್ಣು, ಹುತ್ತದ ಮಣ್ಣು, ಕೆರೆಯ ಹೂಳು, ಯಾವುದು ಸಿಕ್ಕರೆ ಅದು. ಅದರಲ್ಲಿ ಎತ್ತು ಮಾಡಿ ನೆರಳಲ್ಲಿ ಒಣಗಿಸಬೇಕು. ಯಾವುದು ಬಿರಿಯಿತು, ಯಾವುದು ಗಟ್ಟಿ ನಿಂತಿತು ಎಂದು ನೋಡಬೇಕು. ಆಮೇಲೆ ನೀರಿಗೆ ಬಿಟ್ಟು ಹೇಗೆ ಕರಗುತ್ತದೆ ಎಂದು ನೋಡಬೇಕು. ಅದರ ಪಕ್ಕದಲ್ಲೇ, ದುರ್ಗದಬೈಲ್ ಪೇಟೆಯಲ್ಲಿ ಮಾರುವ ಬಣ್ಣದ ಪ್ಲಾಸ್ಟರ್ ಎತ್ತು ಒಂದನ್ನು ನೀರಿಗೆ ಬಿಡಬೇಕು. ಕಡೆಗೆ ಎರಡು ಪ್ರಶ್ನೆ: ನೀನು ಮಣ್ಣು ತಂದ ಜಾಗದಲ್ಲಿ ಮೊದಲು ಏನಿತ್ತು? ಈಗ ಏನಿದೆ?

ಪುಸ್ತಕಕ್ಕೆ ಕಳಿಸುವ ಮೊದಲು ಅದನ್ನು ತಮ್ಮ ಶಾಲೆಯಲ್ಲಿ ಮಾಡಿ ನೋಡಿದರು. ಶಾಲೆಯಲ್ಲಿ ನೀರಿಗೆ ತಾಪತ್ರಯ, ಹಾಗಾಗಿ ಎತ್ತುಗಳು ನಮ್ಮ ಹಿತ್ತಲಿಗೆ ಬಂದವು. ಶನಿವಾರ ಮಧ್ಯಾಹ್ನ ಮಕ್ಕಳು ಗುಂಪಾಗಿ ಬಂದು ತಮ್ಮ ತಮ್ಮ ಎತ್ತು ನೋಡಿಕೊಂಡು ಹೋಗುತ್ತಿದ್ದರು. ನಾನು ಒಂದು ಡಬ್ಬಿ ಚುರುಮುರಿ ಒಗ್ಗರಣೆ ಹಾಕಿ ಇಟ್ಟಿರುತ್ತಿದ್ದೆ.

“ಬಾಯರ, ನನ್ನ ಎತ್ತು ಎಲ್ಲೆ ಹೋತ್ರಿ?” ಎಂದು ಒಬ್ಬಳು ಅಳುವ ಹಾಗೆ ಕೇಳಿದರೆ, ಇನ್ನೊಬ್ಬಳು, “ಕರಗೇತಿ ಅಂದ್ರ ಪಾಸ್ ಆಗೇತಿ ಹುಚ್ಚಿ, ನನ್ನ ಪ್ಲಾಸ್ಟರಿಂದು ನೋಡು, ಫೇಲಾಗಿ ಹಂಗ ಕುಂತೈತಿ” ಎನ್ನುತ್ತಿದ್ದಳು. ಮನೆ ತುಂಬ ಕೆಸರಿನ ಹೆಜ್ಜೆ. ಒರೆಸುತ್ತ ಬೈದುಕೊಂಡರೂ, ಮಕ್ಕಳ ಕಾಲು ಮನೆಯಲ್ಲಿ ಆಡಿದವಲ್ಲ, ಅದೂ ಒಂದು ದಯೆ ಎಂದು ಶಿವನಿಗೆ ಹೇಳಿಕೊಂಡೆ.

ಒಂದು ಬಕೀಟು ಮಾತ್ರ ಬೇರೆಯಾಗಿತ್ತು. ಕಾರ್ಖಾನೆಗಳಿರುವ ತಾರಿಹಾಳದ ಕಡೆಯಿಂದ ಬರುವ ಒಬ್ಬ ಹುಡುಗಿ ಮನೆ ಹತ್ತಿರದ ನಾಲಾ ದಂಡೆಯಿಂದ ಮಣ್ಣು ತಂದಿದ್ದಳು. ಒಂದು ಕಾಲಕ್ಕೆ ಅದು ಅವಳ ಅಜ್ಜ ಕೂಲಿ ಮಾಡಿದ ಎರಿ ಹೊಲದ ಬದು. ಆ ಎತ್ತು ಕರಗಿದಾಗ ನೀರಿನ ಮೇಲೆ ಎಣ್ಣೆಯ ತೆಳು ಪದರ ಬಂತು. ಬಿಸಿಲು ಬಿದ್ದರೆ ನೀಲಿ, ನೇರಳೆ ಹೊಳೆಯುತ್ತಿತ್ತು. ಮಕ್ಕಳು ಚಂದ ಐತಿ ಎಂದರು. ಆ ಹುಡುಗಿ ಬೆರಳದ್ದಿ ಮೂಸಿ ನೋಡಿದಳು.

ಮರುದಿನ ಸಂಜೆ ಅವಳ ಅಪ್ಪ ನಮ್ಮ ಮನೆಗೆ ಬಂದ. ತಾರಿಹಾಳದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮಷೀನ್ ನಡೆಸುವವನು. ಚಹಾ ಕೊಟ್ಟರೆ ಕುಡಿಯದೆ ಕಪ್ಪನ್ನು ಕೈಯಲ್ಲೇ ಹಿಡಿದು ಕೂತ.

“ಮಾಸ್ತರ, ಹುಡುಗಿ ಮನಿಗೆ ಬಂದು ಕೇಳ್ತಾಳ್ರಿ, ಅಪ್ಪಾ ನಿಮ್ಮ ಮಷೀನಿನ ಎಣ್ಣಿ ಎಲ್ಲೆ ಚೆಲ್ತೀರಿ ಅಂತ. ಏನ್ ಹೇಳ್ಲಿ? ಹೇಳಾಕ ಬರಲಿಲ್ಲ. ಒಂದ್ ಏಟು ಹಾಕಿದೆ.”

“ಹೊಡೀಬಾರದಿತ್ತೋ ತಮ್ಮಾ” ಎಂದರು ನಮ್ಮವರು.

“ಗೊತ್ತೈತ್ರಿ. ಹೊಡದು ನಾನೂ ಉಂಡಿಲ್ಲ. ಆದ್ರ ಇದನ್ನ ನೀವು ಪುಸ್ತಕದಾಗ ಹಾಕಿದ್ರ, ಎಲ್ಲಾ ಹುಡುಗ್ರೂ ಮನ್ಯಾಗ ಕೇಳ್ತಾವ. ಕೇಳಿದ್ರ ಅಪ್ಪಂದಿರು ಏನ್ ಮಾಡಬೇಕ್ರಿ?”

ಅವನು ಹೋದ ಮೇಲೆ ಇವರು ಬಹಳ ಹೊತ್ತು ಪಡಸಾಲೆಯಲ್ಲಿ ಅಡ್ಡಾಡಿದರು. ಆ ಎರಡು ಪ್ರಶ್ನೆ ತೆಗೆಯಲೇ ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು? “ನೀರಿನ ಮ್ಯಾಲ ಕಂಡದ್ದು ಖರೇ ಐತೋ ಇಲ್ಲೋ?” ಎಂದೆ. “ಖರೇ ಐತಿ.” “ಅಂದ್ರ ಇರಲಿ ಬಿಡ್ರಿ.” ಇಟ್ಟರು. ಮಗಳು ಕಾಲೇಜಿನಿಂದ ಬಂದ ಮೇಲೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಟ್ಟಳು. ಪಾಠ ಬೆಂಗಳೂರಿಗೆ ಹೋಯಿತು.

ಶ್ರಾವಣ ಕಳೆದ ಮೇಲೆ ಪರಿಶೀಲನಾ ಸಭೆ ನಡೆಯಿತು. ಎಲ್ಲರೂ ತಮ್ಮ ತಮ್ಮ ಮನೆಯಿಂದಲೇ ಕಂಪ್ಯೂಟರಿನ ಮುಂದೆ ಕೂರುವ ಸಭೆ. ನಮ್ಮವರು ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಲುಂಗಿ ಉಟ್ಟು ಪಡಸಾಲೆಯಲ್ಲಿ ಕೂತರು. ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿ ನಾನು ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದೆ. ಸಪ್ಪಳ ಬರುತ್ತದೆಂದು ಕೇರುವುದು ಬಿಟ್ಟು ಬರೀ ಹರಳು ಆರಿಸುತ್ತಿದ್ದೆ. ಅವರ ಸರದಿ ಬಂದಾಗ ಬೆಂಗಳೂರಿನ ಒಬ್ಬ ಮೇಡಮ್ ಮಾತಾಡಿದರು. ವಯಸ್ಸಿನಲ್ಲಿ ಸಣ್ಣವರು, ಬಹಳ ಮರ್ಯಾದೆಯ ದನಿ.

“ಸರ್, ನಿಜವಾಗ್ಲೂ ತುಂಬಾ ಇಷ್ಟ ಆಯ್ತು. ಆದ್ರೆ ಇದನ್ನ ಯಾವ ಗುರಿ ಕೆಳಗೆ ಹಾಕೋಣ?”

“ಹದಿನೈದರಾಗ ಹಾಕ್ರಿ ಮೇಡಮ್. ಭೂಮಿ ಮ್ಯಾಲಿನ ಜೀವ ಅಂತ ಐತಲ್ಲ.”

“ಅಲ್ಲಿ ಕಾಡು, ಪ್ರಾಣಿ ಅಂತ ಆಗ್ಲೇ ಎರಡು ಪಾಠ ಇದೆ ಸರ್.”

“ಹನ್ನೆರಡು? ಬಳಸಿ ಒಗಿಯೂದು ಕಡಿಮಿ ಮಾಡೂದು?”

“ಅಲ್ಲಿ ಪ್ಲಾಸ್ಟಿಕ್ ಬಾಟಲಿ ಚಟುವಟಿಕೆ ಬರುತ್ತೆ. ಅದು ಎಲ್ಲ ರಾಜ್ಯಕ್ಕೂ ಒಂದೇ ಥರ ಇರಬೇಕು ಅಂತ ಮೇಲಿಂದ ಹೇಳಿದ್ದಾರೆ.”

ಸಭೆಯ ಹಿರಿಯರೊಬ್ಬರು ನಡುವೆ ಬಾಯಿ ಹಾಕಿದರು. “ಮಾಸ್ತರೇ, ಹಬ್ಬದ ಹೆಸರು ಬೇಡ. ಒಂದು ಧರ್ಮದ್ದು ಅಂತ ನಾಳೆ ಯಾರಾದ್ರೂ ಎದ್ದರೆ ಉತ್ತರ ಕೊಡೋರು ಯಾರು?”

“ನಮ್ಮ ಸಾಲ್ಯಾಗ ಎಲ್ಲಾರಕಿಂತ ಛಲೋ ಎತ್ತು ಮಾಡಿದಾಕಿ ಮುಸಲ್ಮಾನರ ಹುಡುಗಿರಿ. ಬೇಕಾದ್ರ ಹಬ್ಬ ತಗೀರಿ ಸರ್. ಮಣ್ಣು ಇರಲಿ.”

“ಇನ್ನೊಂದು ಸರ್” ಎಂದರು ಮೇಡಮ್, “ಅಳೆಯೋದು ಹೇಗೆ? ಬಾಟಲಿ ಆದ್ರೆ ಎಷ್ಟು ಮಕ್ಕಳು, ಎಷ್ಟು ಬಾಟಲಿ ಅಂತ ಫೋಟೋ ಸಮೇತ ಅಪ್‌ಲೋಡ್ ಮಾಡಬಹುದು. ರಾಜ್ಯದಿಂದ ದಿಲ್ಲಿಗೆ ಲೆಕ್ಕ ಹೋಗುತ್ತೆ, ದಿಲ್ಲಿಯಿಂದ ಹೊರದೇಶಕ್ಕೆ ಹೋಗುತ್ತೆ. ಇದರಲ್ಲಿ ಮಗು ಏನು ಕಲಿತು ಅಂತ ಮೇಲಕ್ಕೆ ಏನು ಕಳಿಸೋದು?”

ನಮ್ಮವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಆಮೇಲೆ, “ನೀರಿನ ಮ್ಯಾಲ ಎಣ್ಣಿ ತೇಲಿದ್ದು ಕಂಡ ಹುಡುಗಿ ಮನಿಗೆ ಹೋಗಿ ಅಪ್ಪಗ ಪ್ರಶ್ನೆ ಕೇಳ್ಯಾಳ್ರಿ. ಅದಕ್ಕ ಏಟು ತಿಂದಾಳ. ಅದನ್ನ ಹೆಂಗ ಅಳೀಲಿ, ನೀವ ಹೇಳ್ರಿ” ಎಂದರು.

ನೆಟ್‌ವರ್ಕ್ ಹೋಯಿತೇನೋ ಎಂದು ನಾನು ತಲೆ ಎತ್ತಿ ನೋಡಿದೆ. ಪರದೆಯ ಮೇಲೆ ಮುಖಗಳೆಲ್ಲ ಇದ್ದವು. ಕಡೆಗೆ ಮೇಡಮ್, “ನೋಡೋಣ ಸರ್, ಎಲ್ಲಾದ್ರೂ ಸೇರಿಸೋಕೆ ಪ್ರಯತ್ನ ಮಾಡ್ತೀನಿ” ಎಂದರು. ಅವರು ಹಾಗೆ ಹೇಳಿದ್ದು ಮನಸ್ಸಿನಿಂದಲೇ ಎಂದು ನನಗೆ ಈಗಲೂ ಅನಿಸುತ್ತದೆ.

ಆಮೇಲೆ ಕಾಯುವ ತಿಂಗಳುಗಳು. ದೀಪಾವಳಿ ಹೋಯಿತು, ಎಳ್ಳು ಬೆಲ್ಲ ಹಂಚಿದ್ದಾಯಿತು. ದಿನಾ ಪೂಜೆಯ ಕೊನೆಯಲ್ಲಿ ಮಗಳ ಪರೀಕ್ಷೆಯ ಜೊತೆಗೆ ಅವರ ಪಾಠವನ್ನೂ ಶಿವನ ಮುಂದೆ ಇಡುತ್ತಿದ್ದೆ. ಒಂದು ಪಾಠ ಉಳಿಸು ಎಂದು ದೇವರಿಗೆ ಕೇಳುವುದು ಸಣ್ಣ ಮಾತು. ಆದರೆ ಸಣ್ಣದನ್ನು ಕೇಳಲು ನನಗೆ ನಾಚಿಕೆಯಿಲ್ಲ, ನನ್ನ ಜೀವನ ನಡೆದಿರುವುದೇ ಸಣ್ಣ ಸಣ್ಣ ದಯೆಗಳ ಮೇಲೆ. ಇವರ ಬಿ.ಪಿ. ಹತೋಟಿಯಲ್ಲಿತ್ತು, ನಳದ ನೀರು ಹೇಳಿದ ದಿನವಲ್ಲದಿದ್ದರೂ ಮರುದಿನವಾದರೂ ಬರುತ್ತಿತ್ತು, ಮಗಳು ಪಾಸಾದಳು.

ಪುಸ್ತಕ ಬಂದದ್ದು ಮುಂದಿನ ಜೂನ್‌ನಲ್ಲಿ, ಶಾಲೆ ಶುರುವಾದ ವಾರ. ಹೊಳಪಿನ ರಟ್ಟು, ಮುಖಪುಟದಲ್ಲಿ ಹದಿನೇಳು ಬಣ್ಣದ ಚೌಕಗಳು. ಇವರು ಕೈಕಾಲು ತೊಳೆದು ಬಂದು, ಒರೆಸಿದ ಕೈಯನ್ನು ಇನ್ನೊಮ್ಮೆ ಒರೆಸಿಕೊಂಡು ತೆಗೆದರು. ಒಂದೊಂದೇ ಪುಟ ತಿರುವಿದರು. ಪಾಠ ಇರಲಿಲ್ಲ. ಮತ್ತೆ ಮೊದಲಿನಿಂದ ತಿರುವಿದರು. ಮಗಳು ಕೈಯಿಂದ ಕಸಿದುಕೊಂಡು ಹುಡುಕಿದಳು.

“ಅಪ್ಪಾ, ಇಲ್ಲೈತಿ!”

ಒಂದು ಪುಟದ ಕೆಳಗೆ ಬೆರಳುದ್ದದ ಚೌಕ. ‘ನಿಮಗಿದು ಗೊತ್ತೇ? ನಮ್ಮ ಪೂರ್ವಜರು ಪರಿಸರಸ್ನೇಹಿ ಹಬ್ಬಗಳನ್ನು ಆಚರಿಸುತ್ತಿದ್ದರು’ ಎಂದು ಬರೆದಿತ್ತು. ಪಕ್ಕದಲ್ಲಿ ಒಂದು ಜೋಡೆತ್ತಿನ ಚಿತ್ರ. ಗುಲಾಬಿ ಮೈ, ಬಂಗಾರ ಬಣ್ಣದ ಕೊಂಬು. ಮಗಳು ಚಿತ್ರವನ್ನು ಕಣ್ಣ ಹತ್ತಿರ ಹಿಡಿದಳು.

“ಅಯ್ಯ, ಇವು ದುರ್ಗದಬೈಲಿನ ಪ್ಲಾಸ್ಟರ್ ಎತ್ತು!”

ನಾನು ಅವಳ ತೋಳು ಚಿವುಟಿದೆ. ಆದರೆ ಅವರು ಆಗಲೇ ನೋಡಿದ್ದರು. ಯಾರೋ ಎಲ್ಲೋ ಕೂತು ಚಿತ್ರ ಹುಡುಕಿದ್ದಾರೆ, ಎತ್ತು ಎಂದರೆ ಎತ್ತು ಸಿಕ್ಕಿದೆ, ಹಾಕಿದ್ದಾರೆ. ಕೊನೆಯ ಪುಟದಲ್ಲಿ ಬರೆದವರ ಹೆಸರುಗಳ ನಡುವೆ ಇವರ ಹೆಸರೂ ಇತ್ತು, ತಪ್ಪಿಲ್ಲದೆ ಅಚ್ಚಾಗಿತ್ತು. ಅದನ್ನು ತೋರಿಸಿದೆ. “ಹೂಂ” ಎಂದರು. ಪುಸ್ತಕವನ್ನು ಕಪಾಟಿನಲ್ಲಿಟ್ಟು ಕಾಯಿಪಲ್ಯೆ ತರಲು ಹೋದರು.

ಯಾರ ಮೇಲೆ ಸಿಟ್ಟು ಮಾಡಲಿ? ನಾನು ತಿರುಗಿ ತಿರುಗಿ ಯೋಚಿಸಿದೆ. ದೂರ ದೇಶದಲ್ಲಿ ಕೂತು ಗುರಿ ಬರೆದವರು ಮಕ್ಕಳು ಮಣ್ಣು ಮುಟ್ಟಬಾರದು ಎಂದು ಬರೆದಿರಲಿಲ್ಲ, ಭೂಮಿ ಉಳಿಯಲಿ ಎಂದೇ ಬರೆದಿದ್ದರು. ದಿಲ್ಲಿಯವರು ಅದನ್ನು ಒಪ್ಪಿದರು. ಬೆಂಗಳೂರಿನವರು ಒಪ್ಪಿದ್ದನ್ನು ಪುಸ್ತಕ ಮಾಡಿದರು. ಒಬ್ಬೊಬ್ಬರೂ ತಮ್ಮ ಮೇಲಿನವರಿಗೆ ತೋರಿಸಲು ಬರುವಂಥದ್ದನ್ನು ಇಟ್ಟುಕೊಂಡು, ತೋರಿಸಲು ಬಾರದ್ದನ್ನು ಕೈಬಿಟ್ಟರು. ಕೆಟ್ಟವರು ಯಾರೂ ಸಿಗಲಿಲ್ಲ. ಸಿಕ್ಕಿದ್ದರೆ ಇವರು ಜಗಳವಾದರೂ ಆಡುತ್ತಿದ್ದರು, ಜಗಳ ಆಡಿದ್ದರೆ ಮನುಷ್ಯ ಇಷ್ಟು ಸುಮ್ಮನಾಗುತ್ತಿರಲಿಲ್ಲ.

ಇವರ ಪಾಠ ಹೋದ ಜಾಗದಲ್ಲಿ ಬಾಟಲಿಯ ಚಟುವಟಿಕೆ ಇತ್ತು. ಮಕ್ಕಳು ಒಂದು ಪ್ಲಾಸ್ಟಿಕ್ ಬಾಟಲಿಯೊಳಗೆ ಮನೆಯಲ್ಲಿ ಬಿಸಾಡುವ ಪ್ಲಾಸ್ಟಿಕ್ ಕವರುಗಳನ್ನು ಗಿಡಿದು ಗಿಡಿದು ಇಟ್ಟಿಗೆಯ ಹಾಗೆ ಗಟ್ಟಿ ಮಾಡಿ ತರಬೇಕು. ಜುಲೈನ ಒಂದು ಭಾನುವಾರ ಮಧ್ಯಾಹ್ನ ಮಗ್ಗಲ ಮನೆಯ ವೈನಿ ಮೊಮ್ಮಗಳನ್ನು ಕರೆದುಕೊಂಡು ಬಂದರು. ಹುಡುಗಿಯ ಕೈಯಲ್ಲಿ ಅರ್ಧ ತುಂಬಿದ ಬಾಟಲಿ.

“ನಿಮ್ಮನ್ಯಾಗ ಕವರ್ ಅದಾವೇನ್ರಿ?”

“ಹಾಲಿನ ಪಾಕೀಟು ಎರಡು ಅದಾವ್ರಿ ವೈನಿ. ಉಳಿದದ್ದು ನಾವು ಚೀಲಾ ಒಯ್ತೇವಲ್ಲ.”

“ನಮ್ಮನ್ಯಾಗೂ ಅಷ್ಟರಿ. ಹೇಳಿದ್ರ ಈಕಿ ಕೇಳೂದಿಲ್ಲ. ಬಾಟ್ಲಿ ಅಲುಗಾಡಿದ್ರ ಮಾರ್ಕ್ಸ್ ಇಲ್ಲಂತ. ಅದಕ್ಕ ನಿನ್ನೆ ಅಂಗಡ್ಯಾಗ ತೂಗಹಾಕಿದ್ದ ಚಿಪ್ಸಿನ ಪಾಕೀಟಿನ ಸರಾನ ತಂದು, ಮನಿ ಮಂದಿಯೆಲ್ಲಾ ಕೂತು ತಿಂದ್ವಿ. ನಮ್ಮ ಹಿರೇರಿಗೆ ಹೊಟ್ಟಿ ಕೆಟ್ಟು ಮುಂಜಾನಿಂದ ಎದ್ದಿಲ್ಲ. ನಿಮ್ಮನಿಯವ್ರು ಬರದ ಪುಸ್ತಕ ಅಂತಲ್ರಿ? ಮುಂದಿನ ಸಲ ಮಜ್ಜಿಗಿ ಕುಡಿಯೂದು ಬರೀರಿ ಅಂತ ಹೇಳ್ರಿ!”

ವೈನಿ ನಕ್ಕರು, ನಾನೂ ನಕ್ಕೆ. ಒಳಗೆ ಕೂತಿದ್ದ ಇವರು ಎದ್ದು ಬಂದು ಬಾಟಲಿಯನ್ನು ಕೈಗೆ ತೆಗೆದುಕೊಂಡು ಅಲುಗಾಡಿಸಿ ನೋಡಿದರು. ಹುಡುಗಿ ಅವರ ಮುಖವನ್ನೇ ನೋಡುತ್ತಿದ್ದಳು. “ಇನ್ನೊಂದೀಟು ಬೇಕವ್ವ” ಎಂದು ಹೇಳಿ, ಅಡುಗೆಮನೆಗೆ ಹೋಗಿ, ಆ ಎರಡು ಹಾಲಿನ ಪಾಕೀಟನ್ನು ತೊಳೆದು ಒರೆಸಿ ತಂದುಕೊಟ್ಟರು.

ಆ ತಿಂಗಳ ಕೊನೆಗೆ ಧಾರವಾಡದಲ್ಲಿ ಶಿಕ್ಷಕರಿಗೆ ತರಬೇತಿ ಇಟ್ಟರು. ಕೈಪಿಡಿ ಸಮಿತಿಯಲ್ಲಿದ್ದವರೇ ತರಬೇತಿ ಕೊಡಬೇಕೆಂದು ಇವರಿಗೂ ಕರೆ ಬಂತು. ನನಗೆ ಒಳಗೊಳಗೇ ಆಸೆ ಹುಟ್ಟಿತು. ಪುಸ್ತಕದಲ್ಲಿ ಇಲ್ಲದಿದ್ದರೇನಾಯಿತು, ಬಾಯಿಯಿಂದ ಹೇಳಬಹುದಲ್ಲ? ಅಷ್ಟು ಮಂದಿ ಮಾಸ್ತರು, ಬಾಯಂದಿರು ಕೂತಿರುತ್ತಾರೆ. ಒಬ್ಬರಿಗಾದರೂ ಮನಸ್ಸಿಗೆ ಹತ್ತಿದರೆ, ಯಾವುದೋ ಒಂದು ಶಾಲೆಯಲ್ಲಿ ಅದು ಬದುಕಿ ಉಳಿಯುತ್ತದೆ. ಬುತ್ತಿ ಕಟ್ಟುವಾಗ ಹೇಳಿದೆ.

“ಎತ್ತಿನ ಪಾಠ ಒಂದ್ ಮಾತು ಹೇಳಿ ಬರ್ರಿ. ಪುಸ್ತಕದಾಗ ಇಲ್ಲದ್ದು ಹೇಳಬಾರದಂತ ಯಾರೂ ಅಂದಿಲ್ಲಲ್ಲ.”

“ನೋಡೂಣು” ಎಂದರು. ಅವರು ಬೇಡ ಎನ್ನಲಿಲ್ಲ, ಅದನ್ನೇ ಹಿಡಿದುಕೊಂಡು ನಾನು ದಿನವಿಡೀ ಇದ್ದೆ. ಮಧ್ಯಾಹ್ನ ಜೋರು ಮಳೆ ಬಂತು. ಮಳೆಯ ಸಪ್ಪಳದಲ್ಲಿ ದೇವರ ಕೋಣೆಯಲ್ಲಿ ಕೂತು, ಈಗ ಹೇಳುತ್ತಿರಬಹುದು, ಈಗ ಯಾರೋ ಪ್ರಶ್ನೆ ಕೇಳಿರಬಹುದು ಎಂದುಕೊಂಡೆ.

ಸಂಜೆ ನೆನೆದು ಬಂದರು. ಟಾವೆಲ್ ಕೊಟ್ಟೆ, ಚಹಾ ಕೊಟ್ಟೆ. ತಲೆ ಒರೆಸಿಕೊಳ್ಳುವವರೆಗೆ ತಡೆದೆ, ಆಮೇಲೆ ತಡೆಯಲಾಗಲಿಲ್ಲ.

“ಹೇಳಿದ್ರೇನು?”

“ಮುಂಜಾನಿ ಪೂರ್ತಿ ಫೋಟೋ ಹೆಂಗ ಏರಸೂದು ಅನ್ನೂದ್ರಾಗ ಹೋತು. ಊಟ ಆದ ಮ್ಯಾಲ ಬಾಟ್ಲಿ. ನಾನ ಮಾಡಿ ತೋರಿಸಿದೆ.”

“ಮತ್ತ ಎತ್ತಿಂದು?”

ಅವರು ಚಹಾದ ಕಪ್ಪನ್ನು ಕೆಳಗಿಟ್ಟರು. “ಕಡೀಕ ಒಬ್ಬಾಕಿ ಟೀಚರ್ ಎದ್ದು ಕೇಳಿದಳು. ಕುಂದಗೋಳ ಕಡೆಯಾಕಿ, ಹೊಸದಾಗಿ ಕೆಲಸಕ್ಕ ಸೇರಿದಾಕಿ. ಸರ್, ನಿಮ್ಮ ಸಾಲ್ಯಾಗ ಹುಡುಗ್ರ ಕಡೆ ಮಣ್ಣು ತರಿಸಿ ಎತ್ತು ಮಾಡಸ್ತಿದ್ರಂತ, ನಮ್ಮೂರಾಗ ಎರಿ ಭಾಳ ಐತಿ, ನಾನೂ ಮಾಡಸ್ತೇನಿ, ಅದನ್ನ ಯಾವ ಗುರಿಯಾಗ ತೋರಸಬೇಕ್ರಿ, ಅಂದಳು.”

“ಕೇಳಿದಳಲ್ರಿ! ನೀವೇನಂದ್ರಿ?”

“ಹಿಂದ ಇಲಾಖೆ ಸಾಹೇಬ್ರು ನಿಂತಿದ್ರು. ಐದಕ್ಕ ಬಸ್ಸು, ಎಲ್ಲಾರೂ ಚೀಲಾ ಕಟ್ಟಾಕತ್ತಿದ್ರು.” ಅವರು ನನ್ನ ಕಡೆ ನೋಡಲಿಲ್ಲ. “ಅದು ಇದರಾಗ ಬರೂದಿಲ್ಲವ್ವ, ಅಂದೆ. ಆಕಿ ಹೌದ್ರಿ ಸರ್ ಅಂತ ಕೂತಳು.”

ಸಮಿತಿಯವರು ತೆಗೆದಾಗಲೂ ಪಾಠ ಅವರ ಹತ್ತಿರ ಇತ್ತು. ಇಂದು ಅದನ್ನು ತಾವೇ ಬಿಟ್ಟು ಬಂದಿದ್ದರು, ಮತ್ತು ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆ ಟೀಚರ್ ಹೆಸರು ಕೇಳಿಕೊಂಡಿರೇನು, ಫೋನ್ ಮಾಡಬಹುದಲ್ಲ ಎಂದೆ. ಕೇಳಿಲ್ಲ ಎಂದರು. ಒದ್ದೆ ಅಂಗಿ ಕಳಚಿ ಹಗ್ಗದ ಮೇಲೆ ಹಾಕಿ, ಬೆಳಿಗ್ಗೆಯಿಂದ ಹಾಗೇ ಬಿದ್ದಿದ್ದ ಪತ್ರಿಕೆ ಹಿಡಿದು ಕೂತರು. ಬಹಳ ಹೊತ್ತು ಪುಟ ತಿರುವಲಿಲ್ಲ.

ನಾನು ವಿಭೂತಿ ಹಚ್ಚಿಕೊಂಡು ಸಂಜೆಯ ಪೂಜೆಗೆ ಕೂತೆ. ಆ ದಿನ ಶಿವನ ಹತ್ತಿರ ಏನು ಕೇಳಬೇಕೋ ಹೊಳೆಯಲಿಲ್ಲ, ಸುಮ್ಮನೆ ಕೂತು ಎದ್ದೆ. ರೊಟ್ಟಿ ಬಡಿದೆ, ಬದನೆಕಾಯಿ ಪಲ್ಯ ಮಾಡಿದೆ. ಕರೆದಾಗ ಬಂದರು. ಒಂದು ರೊಟ್ಟಿ ತಿಂದು, ಇನ್ನೊಂದು ಹಾಕಿದರೆ ಬೇಡ ಎನ್ನಲಿಲ್ಲ.